ಕತ್ತರಿಗೆ ಮೊದಲು ಕಾಗದ: ಜಾಕೆಟ್ ಹೊಲಿಯುವವರ ಪ್ರಶ್ನೆಗಳು

ಚಳಿ ಶುರುವಾಗುವ ಹೊತ್ತಿಗೆ ಬ್ಲೌಸಿನ ಕತ್ತು, ಚೂಡಿದಾರದ ಪ್ಯಾಂಟು ಎಲ್ಲ ಪಕ್ಕಕ್ಕೆ ಸರಿಯುತ್ತವೆ. ಪತ್ರ ಬರೆಯುವವರಿಗೆಲ್ಲ ಜಾಕೆಟ್ ಬೇಕು. ದಪ್ಪ ಕೋಟಲ್ಲ, ಬೆಳಗಿನ ಬಸ್ಸಿನ ಗಾಳಿಗೆ, ಆಫೀಸಿನ ಎಸಿಗೆ ಆಗುವಂಥ ತೆಳು ಜಾಕೆಟ್. ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ. ಜಾಗ ಸಾಲದೆ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನಗೆ ಬ್ಲೌಸ್, ಚೂಡಿದಾರ ಚೆನ್ನಾಗಿ ಹೊಲಿಯಲು ಬರುತ್ತದೆ. ಈಗ ಒಂದು ಜಾಕೆಟ್ ಹೊಲಿಯುವ ಆಸೆ. ದುಡ್ಡು ಕೊಟ್ಟು ಪ್ಯಾಟರ್ನಿನ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚಿನ) ಪಿಡಿಎಫ್ ತೆಗೆದುಕೊಂಡಿದ್ದೇನೆ. ಕಾಲರ್, ಲೈನಿಂಗ್, ಜೇಬು ಎಲ್ಲ ಇರುವ ಬ್ಲೇಜರ್. ಎಲ್ಲಿಂದ ಶುರು ಮಾಡಲಿ?
— ಕಾಲೇಜು ಉಪನ್ಯಾಸಕಿ, ಹಾಸನ

ಉತ್ತರ: ಆ ಬ್ಲೇಜರನ್ನು ಸದ್ಯಕ್ಕೆ ಎತ್ತಿಡಿ. ದುಡ್ಡು ಹಾಳಾಗಲಿಲ್ಲ, ಮುಂದಿನ ವರ್ಷಕ್ಕೆ ಬರುತ್ತದೆ. ಮೊದಲ ಜಾಕೆಟ್‌ಗೆ ಕಾಲರ್ ಬೇಡ, ಲೈನಿಂಗ್ ಬೇಡ. ಬೆನ್ನಿಗೆ ಒಂದು ತುಂಡು, ಮುಂದಕ್ಕೆ ಎರಡು, ತೋಳು ಎರಡು, ಕತ್ತು ಮತ್ತು ಮುಂದಿನ ಅಂಚಿಗೆ ಒಳಪಟ್ಟಿ. ಇಷ್ಟೇ ಇರುವ ಪ್ಯಾಟರ್ನ್ ಹುಡುಕಿ. ಜೇಬು ಬೇಕೇ ಬೇಕು ಅನ್ನಿಸಿದರೆ ಮೇಲೆ ಅಂಟಿಸಿ ಹೊಲಿಯುವ ಪ್ಯಾಚ್ ಜೇಬು ಸಾಕು. ಬ್ಲೌಸ್ ಹೊಲಿಯುವ ನಿಮ್ಮ ಕೈಗೆ ಇದು ಕಷ್ಟವಲ್ಲ. ಆದರೆ ಬ್ಲೌಸಿನ ಅಭ್ಯಾಸ ಒಂದನ್ನು ಮಾತ್ರ ಬಿಡಬೇಕು. ಬ್ಲೌಸನ್ನು ನಾವು ಮೈಗೆ ಹತ್ತಿಸಿ ಹೊಲಿಯುತ್ತೇವೆ. ಜಾಕೆಟ್ ಬರುವುದು ಇನ್ನೊಂದು ಬಟ್ಟೆಯ ಮೇಲೆ. ಎದೆ ಸುತ್ತಳತೆ 36 ಇದ್ದರೆ ಹೊಲಿದು ಮುಗಿದ ಜಾಕೆಟ್ 40ರಿಂದ 42 ಇಂಚು ಇರಬೇಕು. ಪ್ಯಾಟರ್ನಿನಲ್ಲಿ ‘ಫಿನಿಶ್ಡ್’ ಅಳತೆ ಅಂತ ಕೊಟ್ಟಿರುತ್ತಾರಲ್ಲ, ಅದು ಇದು. ಅದನ್ನು ನೋಡಿ ಹೆದರಿ ಒಂದು ಸೈಜು ಚಿಕ್ಕದು ಕತ್ತರಿಸುವವರು ನನ್ನ ಕ್ಲಾಸಿನಲ್ಲಿ ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಇನ್ನು ಪ್ರಿಂಟ್. ಜಾಕೆಟ್ ಕೆಡುವುದು ಮೆಷಿನ್ ಮೇಲಲ್ಲ, ಹೆಚ್ಚಾಗಿ ಜೆರಾಕ್ಸ್ ಅಂಗಡಿಯಲ್ಲಿ. ಪಿಡಿಎಫ್ ಕೊಟ್ಟ ತಕ್ಷಣ ಅಂಗಡಿ ಹುಡುಗ ಹಾಳೆಗೆ ಸರಿಯಾಗಿ ಕೂರಲಿ ಅಂತ ‘ಫಿಟ್ ಟು ಪೇಜ್’ ಒತ್ತುತ್ತಾನೆ. ಅವನ ತಪ್ಪಲ್ಲ, ದಿನವಿಡೀ ಅವನು ಮಾಡುವುದೇ ಅದು. ಆದರೆ ನಿಮ್ಮ ಪ್ಯಾಟರ್ನ್ ಕುಗ್ಗಿರುತ್ತದೆ. ‘ಆಕ್ಚುವಲ್ ಸೈಜ್, ನೂರಕ್ಕೆ ನೂರು’ ಅಂತ ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ. ಎಲ್ಲ ಹಾಳೆ ತೆಗೆಸುವ ಮೊದಲು ಅಳತೆಯ ಚೌಕ ಇರುವ ಒಂದು ಹಾಳೆ ಮಾತ್ರ ತೆಗೆಸಿ. ಪರ್ಸಿನಲ್ಲಿ ಸ್ಕೇಲ್ ಇಟ್ಟುಕೊಂಡೇ ಹೋಗಿ. 10 ಸೆಂಟಿಮೀಟರ್ ಇರಬೇಕಾದ ಚೌಕ 9.7 ಬಂದರೆ, ನೋಡಲು ಕೂದಲೆಳೆಯ ವ್ಯತ್ಯಾಸ ಅಲ್ವಾ? ಆದರೆ 42 ಇಂಚಿನ ಜಾಕೆಟ್ ಸುತ್ತಳತೆಯಲ್ಲಿ ಅದು ಒಂದೂಕಾಲು ಇಂಚು. ಚೌಕದ ಉದ್ದ, ಅಗಲ ಎರಡೂ ಅಳೆಯಿರಿ. ಕೆಲವು ಪ್ರಿಂಟರ್ ಒಂದು ಕಡೆ ಮಾತ್ರ ಎಳೆಯುತ್ತವೆ. ಪಿಡಿಎಫ್‌ನಲ್ಲಿ ಎ4 ಮತ್ತು ಲೆಟರ್ ಅಂತ ಎರಡು ಬಗೆ ಇದ್ದರೆ ಎ4 ಆರಿಸಿ. ಲೆಟರ್ ಅಮೆರಿಕದ ಕಾಗದದ ಅಳತೆ. ನಕ್ಷೆ ತೆಗೆಯುವ ದೊಡ್ಡ ಪ್ರಿಂಟರ್ ಹಾಸನದಲ್ಲೇ ಸಿಕ್ಕರೆ ಎ0 ಹಾಳೆಯಲ್ಲೇ ತೆಗೆಸಿಬಿಡಿ. ಹಾಳೆ ಅಂಟಿಸುವ ಕೆಲಸ ಉಳಿಯುತ್ತದೆ.

ಸೈಜು ಆರಿಸುವಾಗ ಅಂಗಡಿಯ ಎಂ, ಎಲ್ ಮರೆತುಬಿಡಿ. ಟೇಪು ಹಿಡಿದು ಎರಡು ಅಳತೆ ತೆಗೆಯಿರಿ. ಒಂದು, ಕಂಕುಳ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಸುತ್ತ. ಇನ್ನೊಂದು, ಎದೆಯ ತುಂಬು ಭಾಗದಲ್ಲಿ. ಅಮೆರಿಕದ ದೊಡ್ಡ ಪ್ಯಾಟರ್ನ್ ಕಂಪನಿಗಳು ಇವೆರಡರ ನಡುವೆ ಸುಮಾರು 2 ಇಂಚು ವ್ಯತ್ಯಾಸ ಇಟ್ಟುಕೊಂಡು ಪ್ಯಾಟರ್ನ್ ಬರೆಯುತ್ತವೆ. ನಿಮ್ಮದು ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಅಳತೆಗೆ ತಕ್ಕ ಸೈಜನ್ನೇ ಆರಿಸಿ, ಎದೆ ಭಾಗವನ್ನು ಮಾತ್ರ ಆಮೇಲೆ ಅಗಲಿಸಿ. ಯಾಕೆಂದರೆ ಭುಜ ಸರಿಯಾಗಿ ಕೂತಿದ್ದರೆ ಉಳಿದದ್ದನ್ನು ತಿದ್ದಬಹುದು. ಭುಜವೇ ಜೋಲು ಬಿದ್ದರೆ ಏನು ಮಾಡಿದರೂ ಅಣ್ಣನ ಜಾಕೆಟ್ ಹಾಕಿಕೊಂಡ ಹಾಗೇ ಕಾಣುತ್ತದೆ. ಅಗಲಿಸುವ ಬಗೆಯನ್ನು ಚಿತ್ರವಿಲ್ಲದೆ ಹೇಳಿದರೆ ತಲೆ ಕೆಡುತ್ತದೆ. ಮುಂದಿನ ಸಂಚಿಕೆಯಲ್ಲಿ ಚಿತ್ರ ಹಾಕಿ ಬರೆಯುತ್ತೇನೆ.

ಒಳ್ಳೇ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿಯಿರಿ. ಒಳಪಟ್ಟಿ, ಗುಂಡಿ ಏನೂ ಬೇಡ. ದೊಡ್ಡ ಹೊಲಿಗೆಯಲ್ಲಿ ತುಂಡುಗಳನ್ನು ಸೇರಿಸಿದರೆ ಆಯಿತು. ಒಳಗೆ ನೀವು ದಿನಾ ಹಾಕುವ ಕುರ್ತಾ ಹಾಕಿಕೊಂಡು ಅದರ ಮೇಲೆ ತೊಡಿ. ಸ್ಕೂಟರ್ ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ. ಬೋರ್ಡಿನ ಮೇಲೆ ಬರೆಯುವ ಹಾಗೆ ಕೈ ಎತ್ತಿ, ನಿಮ್ಮ ಕೆಲಸವೇ ಅದು ತಾನೆ! ಬೆನ್ನು ಬಿಗಿದರೆ ಬೆನ್ನಿನ ಅಗಲಕ್ಕೆ ಸೇರಿಸಬೇಕು, ತೋಳಿಗಲ್ಲ. ಕತ್ತಿನಿಂದ ಕಂಕುಳ ಕಡೆಗೆ ಓರೆಯಾಗಿ ಸುಕ್ಕು ಬಿದ್ದರೆ ನಿಮ್ಮ ಭುಜದ ಇಳಿಜಾರು ಪ್ಯಾಟರ್ನಿಗಿಂತ ಜಾಸ್ತಿ ಎಂದರ್ಥ. ಭುಜದ ತುದಿಯನ್ನು ಕಾಲಿಂಚು ಇಳಿಸಿ, ಅಷ್ಟೇ ಅಳತೆಗೆ ಕಂಕುಳನ್ನೂ ಇಳಿಸಿ. ಕತ್ತಿನ ಹಿಂದೆ ಅಡ್ಡ ಮಡಿಕೆ ಬಿದ್ದರೆ ಇದರ ಉಲ್ಟಾ. ತಿದ್ದಿದ್ದನ್ನೆಲ್ಲ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. ಆ ಕಾಗದ ಆಮೇಲೆ ನಿಮ್ಮದು, ಕಂಪನಿಯದ್ದಲ್ಲ.

ಪ್ರಶ್ನೆ: ತೆಳು ಜಾಕೆಟ್‌ಗೆ ಯಾವ ಬಟ್ಟೆ ಒಳ್ಳೆಯದು? ಎಷ್ಟು ಮೀಟರ್ ತರಬೇಕು? ಅಂಗಡಿಯಲ್ಲಿ ಕೇಳಿದರೆ ಒಬ್ಬರು ಎರಡು ಅಂತಾರೆ, ಇನ್ನೊಬ್ಬರು ಮೂರು ಅಂತಾರೆ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಇಬ್ಬರೂ ಸರಿಯೇ ಇರಬಹುದು. ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಿದಿರಾ? 44 ಇಂಚಿನ ಪನ್ನ ಇದ್ದರೆ, ಸೊಂಟದ ಕೆಳಗೆ ಬರುವ 24 ಇಂಚು ಉದ್ದದ, ಪೂರ್ತಿ ತೋಳಿನ ಜಾಕೆಟ್‌ಗೆ ಎರಡೂಕಾಲು ಮೀಟರ್ ಇಟ್ಟುಕೊಳ್ಳಿ. 58 ಇಂಚಿನ ಪನ್ನವಾದರೆ ಒಂದೂವರೆಯಿಂದ ಒಂದೂಮುಕ್ಕಾಲು. ಚೌಕಳಿ ಅಥವಾ ದೊಡ್ಡ ಹೂವಿನ ಬಟ್ಟೆಗೆ ಇನ್ನೂ ಕಾಲು ಮೀಟರ್ ಜಾಸ್ತಿ, ಗೆರೆಗೆ ಗೆರೆ ಕೂಡಿಸಬೇಕಲ್ಲ. ಗುಳೇದಗುಡ್ಡದ ಖಣ ತರುವ ಯೋಚನೆ ಇದ್ದರೆ ಅಂಗಡಿಯಲ್ಲೇ ಟೇಪು ಹಿಡಿದು ಅಳೆಯಿರಿ, ಅದರ ಪನ್ನ ಕಿರಿದು. ಬೆನ್ನಿನ ತುಂಡು ಮಡಿಕೆಯಲ್ಲಿ ಕೂರದೆ ನಡುವೆ ಜೋಡಣೆ ಬರಬಹುದು. ಬಂದರೂ ಖಣಕ್ಕೆ ಅದು ಚಂದವೇ.

ಬಟ್ಟೆ ಯಾವುದು ಅಂದರೆ, ಮೊದಲ ಜಾಕೆಟ್‌ಗೆ ಹತ್ತಿ ಅಥವಾ ಹತ್ತಿ-ಲಿನನ್. ಮುಷ್ಟಿಯಲ್ಲಿ ಹಿಂಡಿ ಬಿಡಿ. ಸ್ವಲ್ಪ ಸುಕ್ಕಾಗಿ, ಮತ್ತೆ ಬಿಚ್ಚಿಕೊಂಡು ನಿಲ್ಲುವಂಥದ್ದು ಬೇಕು. ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಹೇಳುವ ಅಂಗಡಿಯಾದರೆ 150ರಿಂದ 200ರ ಒಳಗೆ ಕೇಳಿ. ರೇಯಾನ್, ಕ್ರೇಪ್, ಜಾರ್ಜೆಟ್ ಮೈಮೇಲೆ ಚಂದ, ಮೇಜಿನ ಮೇಲೆ ಹಾವಿನಂತೆ ಜಾರುತ್ತವೆ. ಕಲಿಯುವಾಗ ಬೇಡ. ನೀವು ಹುಬ್ಬಳ್ಳಿಯವರು, ದುರ್ಗದ ಬೈಲಿನಲ್ಲಿ ಸುತ್ತುವ ಮುಂಚೆ ಒಂದು ಸಲ ಖಾದಿ ನೋಡಿ. ನಿಮ್ಮ ಬೆಂಗೇರಿಯಲ್ಲೇ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ರಾಷ್ಟ್ರಧ್ವಜ ತಯಾರಾಗುವ ಜಾಗ ಅಂತ ಎಲ್ಲರಿಗೂ ಗೊತ್ತು. ಖಾದಿ ಮೆಷಿನ್ ಕೆಳಗೆ ಜಾರುವುದಿಲ್ಲ, ಇಸ್ತ್ರಿ ಹೇಳಿದ ಮಾತು ಕೇಳುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ.

ಒಗೆದಷ್ಟೂ ಅಂದೆ ನೋಡಿ, ಕತ್ತರಿಸುವ ಮೊದಲು ನೆನೆಸಲೇಬೇಕು. ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಮಾಮೂಲು. 24 ಇಂಚಿನ ಜಾಕೆಟ್‌ನಲ್ಲಿ ಐದು ಅಂದರೆ ಒಂದು ಇಂಚಿಗಿಂತ ಜಾಸ್ತಿ. ತೋಳಿನಲ್ಲೂ ಅಷ್ಟೇ ಹೋಗಿ ಮಣಿಕಟ್ಟು ಹೊರಗೆ ಇಣುಕುತ್ತದೆ. ಮುಂದೆ ಜಾಕೆಟ್ಟನ್ನು ಹೇಗೆ ಒಗೆಯುತ್ತೀರೋ ಬಟ್ಟೆಯನ್ನೂ ಈಗ ಹಾಗೇ ಒಗೆಯಿರಿ. ವಾಷಿಂಗ್ ಮೆಷಿನ್‌ಗೆ ಹಾಕುವವರು ಈಗಲೂ ಅದಕ್ಕೇ ಹಾಕಿ. ಅರೆ ಒದ್ದೆ ಇರುವಾಗಲೇ ಇಸ್ತ್ರಿ ಮಾಡಿ. ಆಮೇಲೆ ಅಡ್ಡಕ್ಕೆ ಒಂದು ಎಳೆ ಎಳೆದು, ಆ ಗೀಟಿನ ಮೇಲೆ ತುದಿ ನೇರ ಮಾಡಿಕೊಳ್ಳಿ. ಅಂಗಡಿಯವರು ಹರಿದು ಕೊಟ್ಟದ್ದು ನೇರ ಇರುತ್ತದೆ, ಕತ್ತರಿಸಿ ಕೊಟ್ಟದ್ದು ಹೆಚ್ಚಾಗಿ ಇರುವುದಿಲ್ಲ.

ಪ್ರಶ್ನೆ: ಅಕ್ಕಾ, ಎಲ್ಲ ಸರಿಯಾಗಿ ಬಂತು, ತೋಳು ಮಾತ್ರ ಭುಜದ ಹತ್ತಿರ ನೆರಿಗೆ ನೆರಿಗೆ. ಬಿಚ್ಚಿ ಹೊಲಿದೆ, ಮತ್ತೆ ಹಾಗೇ. ಆರ್ಮ್‌ಹೋಲ್ (ತೋಳು ಕೂಡಿಸುವ ಕಂಡಿ) 18 ಇಂಚು ಇದೆ, ತೋಳಿನ ತಲೆ (ತೋಳಿನ ಮೇಲಿನ ಬಾಗಿದ ಅಂಚು) ಅಳೆದರೆ 19 ಇಂಚಿಗಿಂತ ಜಾಸ್ತಿ. ಪ್ಯಾಟರ್ನೇ ತಪ್ಪಾ?
— ಬಿ.ಕಾಂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ತಪ್ಪಿಲ್ಲ ಕಣಮ್ಮ. ಆ ಜಾಸ್ತಿ ಬಟ್ಟೆ ಬೇಕೆಂದೇ ಕೊಟ್ಟದ್ದು. ಭುಜದ ತುದಿ ಉರುಟು. ಚಪ್ಪಟೆ ಬಟ್ಟೆ ಅದರ ಮೇಲೆ ಕೂರಬೇಕಾದರೆ ಅಲ್ಲಿ ಸ್ವಲ್ಪ ಗುಬುಟು ಬೇಕು. ಒಂದರಿಂದ ಒಂದೂವರೆ ಇಂಚಿನವರೆಗೆ ಜಾಸ್ತಿ ಇರುವುದು ಜಾಕೆಟ್ ತೋಳಿಗೆ ಸಹಜ. ಉಣ್ಣೆ ಬಟ್ಟೆಯಾದರೆ ಹಬೆ ತೋರಿಸಿದರೆ ಅಷ್ಟೂ ಕುಗ್ಗಿ ಕೂರುತ್ತದೆ. ಪಾಪ್ಲಿನ್‌ನಂಥ ಒತ್ತು ನೇಯ್ಗೆಯ ಹತ್ತಿ ಕೂರುವುದಿಲ್ಲ, ಹಟ ಮಾಡುತ್ತದೆ. ನಿನ್ನ ಬಟ್ಟೆ ಅಂಥದ್ದೇ ಇರಬೇಕು. ಹಾಗಿದ್ದರೆ ಕಾಗದದಲ್ಲಿ ತೋಳಿನ ತಲೆಯ ಎತ್ತರವನ್ನು ಕಾಲಿಂಚು ತಗ್ಗಿಸು. ಸುತ್ತಳತೆ ಅರ್ಧ ಇಂಚಿನ ಹತ್ತಿರ ಕಮ್ಮಿ ಆಗುತ್ತದೆ. ಮುಕ್ಕಾಲು ಇಂಚು ಉಳಿದರೆ ಹತ್ತಿ ತಡೆಯುತ್ತದೆ.

ಇನ್ನು ಕೂರಿಸುವ ಬಗೆ. ಇಲ್ಲಿ ಅವಸರ ಬೇಡ. ಹೊಲಿಗೆ ಉದ್ದ 4ಕ್ಕೆ ತಿರುಗಿಸಿ, ದಾರದ ಟೆನ್ಷನ್ ಸ್ವಲ್ಪ ಸಡಿಲ ಮಾಡು. ತೋಳಿನ ತಲೆಯ ಮೇಲೆ ಮುಂದಿನ ಕಚ್ಚಿನಿಂದ (ಪ್ಯಾಟರ್ನಿನ ಅಂಚಿನಲ್ಲಿರುವ ಗುರುತು) ಹಿಂದಿನ ಕಚ್ಚಿನವರೆಗೆ ಎರಡು ಸಾಲು ಹಾಕು. ಒಂದು, ಹೊಲಿಗೆ ಬೀಳುವ ಗೆರೆಯಿಂದ ಒಂದು ನೂಲಿನಷ್ಟು ಮಾರ್ಜಿನ್ (ಹೊಲಿಗೆಯ ಆಚೆ ಬಿಡುವ ಬಟ್ಟೆ) ಕಡೆಗೆ. ಇನ್ನೊಂದು ಅದಕ್ಕಿಂತ ಕಾಲಿಂಚು ಅಂಚಿನ ಕಡೆಗೆ. ಎರಡೂ ತುದಿಯಲ್ಲಿ ದಾರ ಉದ್ದ ಬಿಡು. ಒಂದೇ ಕಚ್ಚು ಇರುವುದು ಮುಂದಿನ ಕಡೆ, ಜೋಡಿ ಕಚ್ಚು ಇರುವುದು ಬೆನ್ನಿನ ಕಡೆ. ಎಡ-ಬಲ ತೋಳು ಅದಲು ಬದಲಾಗುವುದು ಇದನ್ನು ನೋಡದೆ ಇದ್ದಾಗಲೇ.

ಈಗ ಬಾಬಿನ್ ಕಡೆಯ ಎರಡು ದಾರವನ್ನು ಒಟ್ಟಿಗೆ ಹಿಡಿದು ನಿಧಾನಕ್ಕೆ ಎಳಿ. ನೆರಿಗೆ ಕಾಣಬಾರದು. ಬಟ್ಟೆ ಬೋಗುಣಿಯ ಹಾಗೆ ಒಳಕ್ಕೆ ಬಾಗಬೇಕು, ಅಷ್ಟೇ. ಬಾಗಿದ ಮೇಲೆ ಸುತ್ತಿಟ್ಟ ಟವೆಲ್ ಮೇಲೆ ಅದನ್ನು ಹೊದಿಸಿ, ಒದ್ದೆ ಬಟ್ಟೆ ಹಾಕಿ ಮಾರ್ಜಿನ್ ಭಾಗಕ್ಕೆ ಮಾತ್ರ ಇಸ್ತ್ರಿ ಮುಟ್ಟಿಸು. ಅರ್ಧ ಸುಕ್ಕು ಅಲ್ಲೇ ಮಾಯ. ಆಮೇಲೆ ಭುಜದ ಹೊಲಿಗೆಗೆ ತೋಳಿನ ತಲೆಯ ನಡು, ಕಂಕುಳಿಗೆ ಕಂಕುಳು, ಕಚ್ಚಿಗೆ ಕಚ್ಚು, ಹೀಗೆ ಗುಂಡುಸೂಜಿ ಚುಚ್ಚು. ಭುಜದ ಹೊಲಿಗೆಯ ನಡುಮಧ್ಯದಲ್ಲಿ ಅರ್ಧ ಇಂಚಿನಷ್ಟು ಜಾಗ ಚಪ್ಪಟೆಯಾಗೇ ಇರಲಿ, ಗುಬುಟು ಅದರ ಎರಡೂ ಪಕ್ಕಕ್ಕೆ ಹಂಚಲಿ. ಕಂಕುಳ ಕೆಳಭಾಗಕ್ಕೆ ಒಂದು ಚೂರೂ ಬೇಡ.

ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಒಮ್ಮೆ ತೊಟ್ಟು ನೋಡಿ, ಆಮೇಲೆ ಮೆಷಿನ್. ಹೊಲಿಯುವಾಗ ತೋಳು ಕೆಳಗೆ, ಜಾಕೆಟ್ ಮೈ ಮೇಲೆ ಇರಲಿ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತದೆ. ಜಾಸ್ತಿ ಇರುವ ಬಟ್ಟೆ ಅಲ್ಲೇ ಇದ್ದರೆ ಅದೇ ತಿಂದು ಹಾಕುತ್ತದೆ. ನೀನು ತೋಳನ್ನು ಮೇಲೆ ಇಟ್ಟು ಹೊಲಿದಿದ್ದೀಯ ಅಂತ ನನ್ನ ಅನುಮಾನ. ಬಿಚ್ಚಿ ಹೊಲಿದರೂ ಮತ್ತೆ ಹಾಗೇ ಬರುವುದು ಅದಕ್ಕೇ.

ಪ್ರಶ್ನೆ: ಇಲ್ಲಿ ಅಂಗಡಿಯಲ್ಲಿ ಲಕೋಟೆಯಲ್ಲಿ ಬರುವ ಪ್ಯಾಟರ್ನ್ ತಂದೆ. ಟಿಶ್ಯೂ ಕಾಗದ, ಮೈತುಂಬ ಗೆರೆ. ಊರಲ್ಲಿ ಅಮ್ಮ ಕಲಿಸಿದ ಅರ್ಧ ಇಂಚು ಮಾರ್ಜಿನ್ ಲೆಕ್ಕದಲ್ಲಿ ಹೊಲಿದೆ, ಜಾಕೆಟ್ ದೊಗಲೆ ಆಯಿತು. ಗೆಳತಿ ಬೇರೆ ಪ್ಯಾಟರ್ನ್‌ನಲ್ಲಿ ಹೊಲಿದಳು, ಅವಳದ್ದು ಬಿಗಿ!
— ಕನ್ನಡತಿ, ನ್ಯೂಜೆರ್ಸಿ

ಉತ್ತರ: ಅಮೆರಿಕದ ಲಕೋಟೆ ಪ್ಯಾಟರ್ನ್‌ಗಳಲ್ಲಿ ಮಾರ್ಜಿನ್ ಸೇರಿಸಿಯೇ ಇರುತ್ತದೆ, ಸಾಮಾನ್ಯವಾಗಿ 5/8 ಇಂಚು. ಅಂದರೆ ಒಂದೂವರೆ ಸೆಂಟಿಮೀಟರಿಗಿಂತ ಒಂದು ಕೂದಲು ಜಾಸ್ತಿ. ನೀವು ಅರ್ಧ ಇಂಚಿಗೆ ಹೊಲಿದರೆ ಪ್ರತಿ ಹೊಲಿಗೆಯಲ್ಲಿ ಎರಡೂ ಕಡೆ ಸೇರಿ ಕಾಲಿಂಚು ಉಳಿಯಿತು. ಎರಡು ಪಕ್ಕದ ಹೊಲಿಗೆ, ಬೆನ್ನಿನ ನಡುವೆ ಒಂದು ಅಂತಿಟ್ಟುಕೊಳ್ಳಿ, ಮುಕ್ಕಾಲು ಇಂಚು ದೊಗಲೆ. ಗೆಳತಿಯದ್ದು ಬುರ್ಡಾ ಪತ್ರಿಕೆಯಿಂದ ತೆಗೆದದ್ದಾ ಕೇಳಿ. 1950ರಲ್ಲಿ ಜರ್ಮನಿಯಲ್ಲಿ ಆನ್ನೆ ಬುರ್ಡಾ ಶುರು ಮಾಡಿದ ಪತ್ರಿಕೆ ಅದು. ಅದರೊಳಗಿನ ಪ್ಯಾಟರ್ನ್‌ಗಳಲ್ಲಿ ಮಾರ್ಜಿನ್ ಇರುವುದಿಲ್ಲ, ನಾವೇ ಬಿಟ್ಟುಕೊಳ್ಳಬೇಕು. ಗೆರೆಯ ಮೇಲೇ ಕತ್ತರಿಸಿದರೆ ಬಿಗಿಯಾಗದೆ ಇನ್ನೇನು?

ಅಳತೆವಾರು ಕಾಗದದ ಪ್ಯಾಟರ್ನ್ ಮಾರಾಟಕ್ಕೆ ಇಳಿಸಿದವರು ನಿಮ್ಮ ಕಡೆಯವರೇ. ಮ್ಯಾಸಚೂಸೆಟ್ಸ್‌ನ ಎಬೆನೀಜರ್ ಬಟರಿಕ್ ಎಂಬ ಟೇಲರ್, 1863ರಲ್ಲಿ. ಅವರ ಹೆಸರಿನ ಪ್ಯಾಟರ್ನ್ ನಿಮ್ಮ ಅಂಗಡಿಯಲ್ಲೂ ನೋಡಿರುತ್ತೀರಿ. ಯಾವ ಕಂಪನಿಯದ್ದಾದರೂ ಸರಿ, ಮೊದಲ ಹಾಳೆಯಲ್ಲಿ ಮಾರ್ಜಿನ್ ಬಗ್ಗೆ ಏನಿದೆ ಅಂತ ಓದದೆ ಕತ್ತರಿ ಎತ್ತಬೇಡಿ. ಟಿಶ್ಯೂವನ್ನು ನೇರವಾಗಿ ಕತ್ತರಿಸಬೇಡಿ ಕೂಡ. ನಿಮ್ಮ ಸೈಜನ್ನು ಬೇರೆ ಕಾಗದಕ್ಕೆ ಇಳಿಸಿಕೊಳ್ಳಿ. ನಾಳೆ ಮಗಳಿಗೆ ಅದರಲ್ಲೇ ಇನ್ನೊಂದು ಸೈಜು ಬೇಕಾಗಬಹುದು.

ಪ್ರಶ್ನೆ: ನಮ್ಮ ಅಜ್ಜಿಯ ಇಳಕಲ್ ಸೀರೆ ಇದೆ. ಉಡಲು ಆಗುವುದಿಲ್ಲ, ಒಂದೆರಡು ಕಡೆ ಪಿಸಿದಿದೆ. ಜಾಕೆಟ್ ಮಾಡಿಸೋಣ ಅಂದರೆ ಅಮ್ಮ ‘ಸೀರಿಗೆ ಕತ್ರಿ ಹಚ್ಚಬ್ಯಾಡ’ ಅಂತಾರೆ. ಏನು ಮಾಡಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಊರು ಬಾಗಲಕೋಟೆ)

ಉತ್ತರ: ಅಮ್ಮನನ್ನು ಒಪ್ಪಿಸುವುದು ನಿಮ್ಮ ಕೆಲಸ, ನಾನು ನಡುವೆ ಬರುವುದಿಲ್ಲ. ಸೆರಗನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟು ನೋಡಿ. ತೋಪು ತೆನೆ ಸೆರಗು ಹಾಗೇ ಇಡೀ ತುಂಡಾಗಿ ಉಳಿಯಲಿ, ಜಾಕೆಟ್‌ಗೆ ಸೀರೆಯ ಮೈ ಮತ್ತು ದಡಿ ಸಾಕು. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದಕ್ಕೆ ಓಡುವ ಎಳೆ) ಮತ್ತು ಸೆರಗಿನ ಹಾಸು ಬೇರೆ ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯ ಸಾಲು ಜಾಕೆಟ್ಟಿನ ಕಂಕುಳಲ್ಲೋ ಬೆನ್ನಿನಲ್ಲೋ ಬಂದರೆ ಎಳೆತಕ್ಕೆ ಸಿಗುತ್ತದೆ. ಅದಕ್ಕೂ ಸೆರಗು ಬಿಡುವುದೇ ಒಳ್ಳೆಯದು.

ಮೊದಲು ಸೀರೆಯನ್ನು ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿ. ತೆಳ್ಳಗಾದ ಜಾಗ ಎದ್ದು ಕಾಣುತ್ತದೆ. ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಅಡ್ಡ ಎಳೆದು ನೋಡಿ. ಪಿಸಿಯುವ ಜಾಗಕ್ಕೆಲ್ಲ ಚಾಕ್‌ನಲ್ಲಿ ಸೊನ್ನೆ ಹಾಕಿ, ಪ್ಯಾಟರ್ನ್ ತುಂಡು ಅದರ ಮೇಲೆ ಬಾರದ ಹಾಗೆ ಜೋಡಿಸಿ. ಇನ್ನೊಂದು, ದಡಿಯ ಕೆಂಪು ಬಣ್ಣ ಬಿಡುತ್ತದಾ ಅಂತ ಬಿಳಿ ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿ ಒತ್ತಿ ನೋಡಿ. ಬಿಟ್ಟರೆ ಜಾಕೆಟ್ ಡ್ರೈ ಕ್ಲೀನಿಂಗ್‌ಗೇ.

ಇಷ್ಟು ಹಳೇ ಬಟ್ಟೆ ಒಂಟಿಯಾಗಿ ತಡೆಯುವುದಿಲ್ಲ. ಪ್ರತಿ ತುಂಡಿನ ಹಿಂದೆ ಅದೇ ಅಳತೆಯ ಮಲ್‌ಮಲ್ ಇಟ್ಟು, ಅಂಚಿನ ಸುತ್ತ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಅಂದುಕೊಂಡು ಹೊಲಿಯಿರಿ. ಮಲ್‌ಮಲನ್ನು ಮೊದಲೇ ನೆನೆಸಿರಬೇಕು. ಸಡಿಲ ಇರುವ, ಟಕ್ಸ್ ಇಲ್ಲದ, ನೇರ ತೋಳಿನ ಪ್ಯಾಟರ್ನ್ ಆರಿಸಿ. ಬಿಗಿ ಜಾಕೆಟ್ ಆದರೆ ಮೊದಲ ಸಲ ಬಸ್ಸಿನಲ್ಲಿ ಕಂಬಿ ಹಿಡಿದಾಗಲೇ ಬೆನ್ನು ಹರಿಯುತ್ತದೆ.

ದಡಿ ಎಲ್ಲಿ ಬರಬೇಕು? ನನ್ನ ಕೇಳಿದರೆ ಮುಂದಿನ ಎರಡೂ ಅಂಚಿಗೆ, ಮೇಲಿನಿಂದ ಕೆಳಗೆ. ದಡಿ ಸೀರೆಯ ಉದ್ದಕ್ಕೇ ಓಡುವುದರಿಂದ ಮುಂಭಾಗದ ತುಂಡು ನೇಯ್ಗೆಯ ಉದ್ದಕ್ಕೇ ಕೂರುತ್ತದೆ, ಜೋತು ಬೀಳುವುದಿಲ್ಲ. ಆದರೆ ಎಡ, ಬಲ ಎರಡನ್ನೂ ಒಂದೇ ದಡಿಯಿಂದ ಕತ್ತರಿಸಬೇಡಿ. ಹಾಗೆ ಮಾಡಿದರೆ ಒಂದು ಕಡೆ ವಿನ್ಯಾಸ ಮೇಲ್ಮುಖ, ಇನ್ನೊಂದು ಕಡೆ ತಲೆಕೆಳಗು. ಸೀರೆಗೆ ಎರಡು ದಡಿ ಇದೆಯಲ್ಲ, ಒಂದೇ ಎತ್ತರದಲ್ಲಿ ಎದುರು ಬದುರಾಗಿ ಎರಡರಿಂದಲೂ ಒಂದೊಂದು ತೆಗೆಯಿರಿ. ಎಡಕ್ಕೆ ಎಡ, ಬಲಕ್ಕೆ ಬಲ ತಾನಾಗಿ ಕೂಡುತ್ತದೆ. ಬೆನ್ನಿಗೆ ಸುಮ್ನೆ ಮೈಬಣ್ಣ ಸಾಕು. ಎಲ್ಲ ಕಡೆ ದಡಿ ಹಚ್ಚಿದರೆ ಬ್ಯಾಂಡ್‌ಸೆಟ್‌ನವರ ಕೋಟು ನೆನಪಾಗುತ್ತದೆ.

ಉಳಿದ ಚೂರುಗಳನ್ನು ಎಸೆಯಬೇಡಿ. ಕೌದಿಗೆ ಹಾಕಬಹುದು ಅಂದರೆ ಅಮ್ಮನಿಗೂ ಸಮಾಧಾನ.

ಪ್ರಶ್ನೆ: ಕೌದಿ ಹೊಲಿಗೆಯದ್ದೇ ಜಾಕೆಟ್ ಮಾಡಬಹುದಾ? ಆನ್‌ಲೈನ್‌ನಲ್ಲಿ ತುಂಬಾ ರೇಟು.
— ಧಾರವಾಡ

ಉತ್ತರ: ಧಾರಾಳವಾಗಿ. ಆದರೆ ಮೊದಲು ಕೌದಿ, ಆಮೇಲೆ ಕತ್ತರಿ. ಓಡು ಹೊಲಿಗೆ ಬಿದ್ದಷ್ಟೂ ಬಟ್ಟೆ ಎರಡೂ ಕಡೆಯಿಂದ ಕುಗ್ಗುತ್ತದೆ. ಕತ್ತರಿಸಿದ ತುಂಡಿಗೆ ಹೊಲಿಗೆ ಹಾಕಿದರೆ ಅಳತೆ ಕೈ ತಪ್ಪುತ್ತದೆ. ಪ್ರತಿ ತುಂಡಿಗೂ ಸುತ್ತ ಎರಡಿಂಚು ಜಾಸ್ತಿ ಇರುವ ಚೌಕ ಕತ್ತರಿಸಿ, ಹೊಲಿಗೆ ಪೂರ್ತಿ ಹಾಕಿ, ಒಮ್ಮೆ ಒಗೆದು, ಆಮೇಲೆ ಪ್ಯಾಟರ್ನ್ ಇಡಿ. ಎರಡು ಪದರ ಸಾಕು, ಒಳಗೆ ಹತ್ತಿ ತುಂಬುವುದು ಬೇಡ. ನಿಮ್ಮ ಪಕ್ಕದ ಜಿಲ್ಲೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಹೊರ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಜಾಕೆಟ್ ಬೆನ್ನಿಗೆ ಆ ಬಗೆ ಬಹಳ ಒಪ್ಪುತ್ತದೆ. ಇನ್ನು ರೇಟು. ಒಂದು ಬೆನ್ನಿನ ತುಂಡಿಗೆ ಸಾಲು ಹಾಕಿ ನೋಡಿ, ಆಮೇಲೆ ಅದು ಜಾಸ್ತಿಯೋ ಕಮ್ಮಿಯೋ ನೀವೇ ಹೇಳಿ.

ಪ್ರಶ್ನೆ: ಮಳೆಗೆ ತೆಳು ನೈಲಾನ್ ವಿಂಡ್‌ಚೀಟರ್ ಮನೆಯಲ್ಲೇ ಹೊಲಿದರೆ ನೀರು ತಡೆಯುತ್ತದಾ?
— ಶಿರಸಿ

ಉತ್ತರ: ನಿಮ್ಮ ಮಳೆಗಾ? ಇಲ್ಲ. ಬಟ್ಟೆ ತಡೆದರೂ ಸೂಜಿ ಹೋದ ತೂತು ತಡೆಯುವುದಿಲ್ಲ. ಹೊಲಿಗೆಯ ಒಳಗಡೆ ಬಿಸಿಯಿಂದ ಅಂಟಿಸುವ ಸೀಮ್ ಟೇಪ್ ಹಾಕಿದರೆ ಸ್ವಲ್ಪ ವಾಸಿ. ಗಾಳಿಗೆ, ಸೋನೆಗೆ ಮಾತ್ರ ಅಂದುಕೊಂಡು ಹೊಲಿಯಿರಿ. 9 ಅಥವಾ 11 ನಂಬರಿನ ಹೊಸ ಸೂಜಿ, ಪಾಲಿಯೆಸ್ಟರ್ ದಾರ. ಗುಂಡುಸೂಜಿ ಚುಚ್ಚಿದ ತೂತು ನೈಲಾನ್‌ನಲ್ಲಿ ಮುಚ್ಚುವುದಿಲ್ಲ. ಅದಕ್ಕೆ ಮಾರ್ಜಿನ್ ಒಳಗೇ ಚುಚ್ಚಿ, ಇಲ್ಲವೇ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ. ಬಿಚ್ಚಿ ಹೊಲಿಯುವ ಅವಕಾಶ ಇಲ್ಲ ಅಂತಲೇ ಲೆಕ್ಕ. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದ್ದರೆ ಸೂಜಿ ಸರಿಯಾಗಿ ಕೂತಿದೆಯಾ ನೋಡಿ. ಸೂಜಿಯ ಉದ್ದ ಗೀರು ಇರುವ ಕಡೆಯಿಂದಲೇ ದಾರ ಒಳಗೆ ಹೋಗಬೇಕು. ಇಸ್ತ್ರಿ ಸಣ್ಣ ಬಿಸಿಯಲ್ಲಿ, ಮೇಲೊಂದು ಬಟ್ಟೆ ಹಾಕಿ.

ಪ್ರಶ್ನೆ: ಓವರ್‌ಲಾಕ್ ಮೆಷಿನ್ ಇಲ್ಲ. ಲೈನಿಂಗ್ ಇಲ್ಲದ ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿದರೆ ಒಳಗಿನ ಎಳೆ ಎಲ್ಲ ಕಾಣುತ್ತದೆ. ಹೊರಗೆ ಕೊಟ್ಟು ಹಾಕಿಸಲಾ?
— ತುಮಕೂರು

ಉತ್ತರ: ಓವರ್‌ಲಾಕ್ ಹಾಕಿಸಿದರೂ ತಪ್ಪಿಲ್ಲ. ಆದರೆ ಅದಿಲ್ಲದೆ ಮಾಡಿದ ಒಳಮೈ ಇನ್ನೂ ಚಂದ. ತೆಳು ಬಟ್ಟೆಯಾದರೆ ಪಕ್ಕದ ಹೊಲಿಗೆ, ಭುಜದ ಹೊಲಿಗೆಗೆ ಫ್ರೆಂಚ್ ಸೀಮ್. ಉಲ್ಟಾಕ್ಕೆ ಉಲ್ಟಾ ಇಟ್ಟು ಕಾಲಿಂಚಿಗೆ ಹೊಲಿಯಿರಿ. ಅಂಚನ್ನು ಅರ್ಧಕ್ಕೆ ಕತ್ತರಿಸಿ, ತಿರುಗಿಸಿ, ಸೀದಾಕ್ಕೆ ಸೀದಾ ತಂದು 3/8 ಇಂಚಿಗೆ ಇನ್ನೊಂದು ಹೊಲಿಗೆ. ಎರಡೂ ಸೇರಿ ಸರಿಯಾಗಿ 5/8 ಆಗುತ್ತದೆ, ಪ್ಯಾಟರ್ನಿನ ಲೆಕ್ಕ ಕೆಡುವುದಿಲ್ಲ. ಎರಡು ಹೊಲಿಗೆಯ ನಡುವೆ ಇಸ್ತ್ರಿ ಮಾಡುವುದನ್ನು ತಪ್ಪಿಸಬೇಡಿ.

ಆರ್ಮ್‌ಹೋಲ್‌ಗೆ ಇದು ಬೇಡ, ತಿರುವಿನಲ್ಲಿ ದಪ್ಪ ಆಗುತ್ತದೆ. ಅಲ್ಲಿ ಕ್ರಾಸ್ ಪಟ್ಟಿ ಸುತ್ತಿ. ಹಳೇ ಮಲ್‌ಮಲ್ ದುಪಟ್ಟಾ ಇದ್ದರೆ ಅದರಿಂದ 45 ಡಿಗ್ರಿ ಓರೆಗೆ ಒಂದೂಕಾಲು ಇಂಚು ಅಗಲದ ಪಟ್ಟಿ ಕತ್ತರಿಸಿಕೊಳ್ಳಿ. ಬಣ್ಣ ಎದ್ದು ಕಾಣುವಂಥದ್ದೇ ಇರಲಿ. ನೀಲಿ ಜಾಕೆಟ್ ಒಳಗೆ ಅರಿಶಿನ ಬಣ್ಣದ ಪಟ್ಟಿ ಇಣುಕಿದರೆ, ಕುರ್ಚಿಯ ಮೇಲೆ ಉಲ್ಟಾ ಹಾಕಲೂ ಮನಸ್ಸಾಗುತ್ತದೆ.

ಪ್ರಶ್ನೆ: ಮುಂದಿನ ಅಂಚಿಗೆ ಪೇಸ್ಟಿಂಗ್ (ಇಸ್ತ್ರಿಯ ಬಿಸಿಗೆ ಅಂಟಿ ಬಟ್ಟೆಯನ್ನು ಗಟ್ಟಿ ನಿಲ್ಲಿಸುವ ಒಳಬಟ್ಟೆ) ಹಾಕಿದೆ. ಮೊದಲ ಒಗೆತಕ್ಕೇ ಗುಳ್ಳೆ ಗುಳ್ಳೆ ಬಂತು. ಯಾಕೆ?
— ಮೈಸೂರು

ಉತ್ತರ: ಎರಡರಲ್ಲಿ ಒಂದು. ಬಟ್ಟೆ ನೆನೆಸದೆ ಹೊಲಿದಿದ್ದೀರಿ, ಅದು ಕುಗ್ಗಿತು, ಪೇಸ್ಟಿಂಗ್ ಕುಗ್ಗಲಿಲ್ಲ. ಇಲ್ಲವೇ ಇಸ್ತ್ರಿಯನ್ನು ಅಂಗಿಗೆ ಓಡಿಸುವ ಹಾಗೆ ಓಡಿಸಿದ್ದೀರಿ. ಪೇಸ್ಟಿಂಗ್ ಮೇಲೆ ಇಸ್ತ್ರಿ ಓಡಬಾರದು. ಇಡಬೇಕು, ಭಾರ ಹಾಕಬೇಕು, ಹತ್ತು ಹನ್ನೆರಡು ಸೆಕೆಂಡ್ ಕಾಯಬೇಕು, ಎತ್ತಿ ಪಕ್ಕಕ್ಕೆ ಇಡಬೇಕು. ನಡುವಿನಿಂದ ಅಂಚಿನ ಕಡೆಗೆ. ಮೇಲೆ ಒದ್ದೆ ಬಟ್ಟೆ ಇರಲಿ. ಆರುವವರೆಗೆ ಅಲ್ಲಾಡಿಸಬೇಡಿ, ಬಿಸಿ ಇರುವಾಗ ಅಂಟು ಇನ್ನೂ ಗಟ್ಟಿಯಾಗಿರುವುದಿಲ್ಲ. ಪೇಸ್ಟಿಂಗ್ ತುಂಡಿಗೆ ಮಾರ್ಜಿನ್ ಬೇಡ, ಹೊಲಿಗೆಯ ಗೆರೆಯವರೆಗೆ ಬಂದರೆ ಸಾಕು.

ಅಂಗಡಿಯಲ್ಲಿ ಬರೀ ‘ಪೇಸ್ಟಿಂಗ್ ಕೊಡಿ’ ಅಂದರೆ ಗಂಡಸರ ಶರ್ಟ್ ಕಾಲರಿಗೆ ಹಾಕುವ ರಟ್ಟಿನಂಥದ್ದು ಕೊಡುತ್ತಾರೆ. ನಿಮ್ಮ ಬಟ್ಟೆಯ ಚೂರು ತೆಗೆದುಕೊಂಡು ಹೋಗಿ, ಎರಡನ್ನೂ ಸೇರಿಸಿ ಬೆರಳಿಗೆ ಸುತ್ತಿ ನೋಡಿ. ಬಟ್ಟೆಗಿಂತ ಪೇಸ್ಟಿಂಗ್ ದಪ್ಪ ಇದ್ದರೆ ಬೇಡ. ಈಗಿರುವ ಗುಳ್ಳೆಗೆ, ಒದ್ದೆ ಬಟ್ಟೆ ಹಾಕಿ ಮತ್ತೆ ಒತ್ತಿ ನೋಡಿ. ಹೋಗದಿದ್ದರೆ ಬಿಸಿ ಇರುವಾಗಲೇ ಕಿತ್ತು ಹೊಸದು ಹಾಕುವುದೊಂದೇ ದಾರಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮನೆಯವರ ಹಳೇ ಮೆಷಿನ್ನಿನಲ್ಲಿ ಈಗ ನಾನು ಹೊಲಿಗೆ ಕಲಿಯುತ್ತಿದ್ದೇನೆ, ನಗಬೇಡಿ. ತೋಳಿಲ್ಲದ ನೆಹರೂ ಜಾಕೆಟ್ ಹೊಲಿದೆ. ಕಾಲರ್ ಪಟ್ಟಿ ಎರಡಿಂಚು ಗಿಡ್ಡ ಆಯಿತು. ಕತ್ತನ್ನು ಅಳೆದೇ ಕತ್ತರಿಸಿದ್ದೆ. ಇನ್ನೊಂದು, ಗುಂಡಿ ಯಾವ ಕಡೆ ಬರಬೇಕು?
— ಬಳ್ಳಾರಿ

ಉತ್ತರ: ನಗುವುದೇನು ಬಂತು ಸರ್, ಊರಿನ ಟೇಲರ್‌ಗಳೆಲ್ಲ ಗಂಡಸರೇ ಅಲ್ವಾ? ನೀವು ಅಳೆದದ್ದು ಕತ್ತಿನ ಕತ್ತರಿಸಿದ ಅಂಚನ್ನು. ಹೊಲಿಗೆ ಬೀಳುವುದು ಅದಕ್ಕಿಂತ ಒಳಗೆ. ಕತ್ತು ಗುಂಡಗಿರುವುದರಿಂದ ಒಳಗೆ ಬಂದ ಹಾಗೆ ಸುತ್ತಳತೆ ದೊಡ್ಡದಾಗುತ್ತದೆ. ಮಾರ್ಜಿನ್ 3/8 ಇಂಚು ಇದ್ದರೂ ಒಂದೆರಡು ಇಂಚಿನ ವ್ಯತ್ಯಾಸ ಬಂದೇ ಬರುತ್ತದೆ. ಭುಜದ ಹೊಲಿಗೆ ಹಾಕಿದ ಮೇಲೆ, ಹೊಲಿಗೆ ಬೀಳುವ ಗೆರೆಯನ್ನು ಚಾಕ್‌ನಲ್ಲಿ ಎಳೆದು, ಟೇಪನ್ನು ಅಡ್ಡ ನಿಲ್ಲಿಸಿ ಆ ಗೆರೆಯ ಮೇಲೆ ಓಡಿಸಿ ಅಳೆಯಿರಿ. ಕಾಲರ್ ಆ ಅಳತೆಗೆ. ಹಚ್ಚುವ ಮೊದಲು ಕತ್ತಿನ ಮಾರ್ಜಿನ್‌ಗೆ ಅರ್ಧರ್ಧ ಇಂಚಿಗೆ ಸಣ್ಣ ಕಚ್ಚು ಹಾಕಿಕೊಳ್ಳಿ, ಕಾಲರ್ ಎಳೆಯದೆ ಕೂರುತ್ತದೆ.

ಗಿಡ್ಡವಾದ ಕಾಲರನ್ನು ನಡುವೆ ತುಂಡು ಸೇರಿಸಿ ಉಳಿಸಲು ಹೋಗಬೇಡಿ, ಬೆನ್ನ ಹಿಂದೆ ಎಲ್ಲರಿಗೂ ಕಾಣುತ್ತದೆ. ಹೊಸದು ಕತ್ತರಿಸಿ, ಕಾಲು ಮೀಟರ್‌ನಲ್ಲಿ ಆಗುತ್ತದೆ. ಕಾಜಾ ಎಡಭಾಗಕ್ಕೆ, ಗುಂಡಿ ಬಲಭಾಗಕ್ಕೆ. ಗಂಡಸರ ಬಟ್ಟೆಯಲ್ಲಿ ಎಡದ ಅಂಚು ಮೇಲೆ ಬರುತ್ತದೆ. ಮನೆಯವರಿಗೆ ಹೊಲಿದುಕೊಡುವಾಗ ಅದನ್ನು ತಿರುಗಿಸಿಕೊಳ್ಳಿ. ಕಾಜಾ ಕೈಯಲ್ಲಿ ಹಾಕುವ ಬಗೆ ಬೇಕಾದರೆ ಬರೆಯಿರಿ. ಇಲ್ಲ, ಹತ್ತಿರದ ಕಾಜಾ ಅಂಗಡಿಗೆ ಕೊಡುವುದಾದರೆ ಗುಂಡಿಯನ್ನೂ ಜೊತೆಗೆ ಕೊಡಿ, ಅಳತೆ ನೋಡಿ ಹಾಕುತ್ತಾರೆ.